ನರಕೋಶ ಭೇದಾಭೇದ ನಿರ್ಣಯ

ಕೋಪದ ಹುಟ್ಟು, ಅದರ ಫಲ, ಅದಕ್ಕೆ ತಕ್ಕ ಪ್ರಾಯಶ್ಚಿತ್ತ ಇವೆಲ್ಲವನ್ನೂ ಪೂರ್ವಸೂರಿಗಳು ಬರೆದು ಮುಗಿಸಿರುವುದರಿಂದ, ಅದು ದೇಹದಲ್ಲಿ ಯಾವ ಹಾದಿಯಾಗಿ ಸಂಚರಿಸುತ್ತದೆಂಬ ಅಲ್ಪವಿಷಯವೊಂದೇ ಪ್ರಕೃತ ಲೇಖಕನ ಪಾಲಿಗೆ ಉಳಿದಿದೆ.

ಮೊದಲು ಆ ಹಾದಿಯ ಘಟಕವಾದ ನರಕೋಶದ ಲಕ್ಷಣ. ಕೋಶಕಾಯವೊಂದು, ಡೆಂಡ್ರೈಟುಗಳೆಂಬ ಕವಲುಗಳು ಹಲವು, ಆಕ್ಸಾನೆಂಬ ನೀಳತಂತು ಒಂದೇ ಒಂದು. ಕವಲುಗಳು ಆಲಿಸತಕ್ಕವು, ತಂತು ನುಡಿಯತಕ್ಕದ್ದು. ಅನೇಕ ಕಿವಿಗಳೂ ಒಂದೇ ಬಾಯಿಯೂ ಉಳ್ಳ ಇಂಥ ರಚನೆಯು ಪಂಡಿತವರ್ಗದಲ್ಲಿ ಸುತರಾಂ ಕಾಣಸಿಗದಿರುವುದರಿಂದ, ಪಂಡಿತನ ಮಿದುಳೂ ನರಕೋಶಗಳಿಂದಲೇ ಆದದ್ದೆಂಬ ಆಧುನಿಕರ ಮತವು ಚಿಂತ್ಯವಾಗಿದೆ.

ಇನ್ನು ಪೂರ್ವಪಕ್ಷ. ಇಟಲಿಯ ಕಮಿಲ್ಲೊ ಗಾಲ್ಗಿ ಮಹಾಶಯನು 1873ರಲ್ಲಿ, ಅಸಾಧ್ಯರೋಗಿಗಳ ಆಸ್ಪತ್ರೆಯೊಂದರ ಅಡಿಗೆಮನೆಯನ್ನೇ ಪ್ರಯೋಗಶಾಲೆಯಾಗಿ ಮಾಡಿಕೊಂಡು (ಪಾಕಶಾಸ್ತ್ರಕ್ಕೆ ಒದಗಿದ ನಷ್ಟವನ್ನು ಯಾರೂ ಲೆಕ್ಕವಿಟ್ಟಿಲ್ಲ), ಮಿದುಳಿನ ತುಣುಕನ್ನು ಪೊಟಾಸಿಯಂ ಡೈಕ್ರೊಮೇಟಿನಲ್ಲಿ ಗಟ್ಟಿಗೊಳಿಸಿ ಸಿಲ್ವರ್ ನೈಟ್ರೇಟಿನಲ್ಲಿ ನೆನೆಯಿಡಲು, ನೂರರಲ್ಲಿ ಕೆಲವೇ ಕೋಶಗಳು ಆಪಾದಮಸ್ತಕ ಕಪ್ಪಾಗಿ ದರ್ಶನವಿತ್ತವು. ಅದರಿಂದ ಆತನಿಗೆ ನರತಂತುಗಳೆಲ್ಲವೂ ಒಂದೇ ಅಖಂಡಜಾಲವೆಂಬ ಅದ್ವೈತವು ಸ್ಫುರಿಸಿತು. ಸ್ಪೇಯ್ನಿನ ರಾಮೊನ್ ಇ ಕಹಾಲನಾದರೋ ಅದೇ ವರ್ಣವಿಧಾನವನ್ನು ಎರವಲು ಪಡೆದು, ತಿದ್ದಿ ತೀಡಿ, ಕೋಶಗಳು ಸಮೀಪಿಸಬಲ್ಲವೇ ಹೊರತು ಬೆರೆಯಲಾರವೆಂದು 1888ರಿಂದ ಮೊದಲ್ಗೊಂಡು ಉಡುಪಿಯವರೂ ತಲೆದೂಗುವಂತೆ ದ್ವೈತವನ್ನು ಸ್ಥಾಪಿಸತೊಡಗಿದನು. ವರವಿತ್ತವನ ತಲೆಯ ಮೇಲೆಯೇ ಕೈಯಿಡಹೊರಟ ಭಸ್ಮಾಸುರನ ಕಥೆಯಿದು. ಆದರೆ ಮೋಹಿನಿಯ ಬದಲಾಗಿ ನೊಬೆಲ್ ಸಮಿತಿಯು ಬಂದುದರಿಂದ, 1906ರಲ್ಲಿ ಇಬ್ಬರಿಗೂ ಒಂದೇ ಬಹುಮಾನವು ಹಂಚಿಹೋಯಿತು. ಡಿಸೆಂಬರ್ 11ರಂದು ಗಾಲ್ಗಿಯು ವಂದನೋಪನ್ಯಾಸದಲ್ಲಿಯೇ ಪರಮತಖಂಡನೆ ಮಾಡಿದನು. ಮರುದಿನ ಕಹಾಲನು ಸ್ವಮತಮಂಡನೆ ಮಾಡಿದನು.

ಕೋಶಕೋಶಗಳ ನಡುವೆ ಸುಮಾರು 20 ನ್ಯಾನೊಮೀಟರಿನ ಬಿಡುವಿರುವುದನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕವು ತೋರಿಸಿದ ಮೇಲೆ ದ್ವೈತವೇ ಗೆದ್ದಿತು. ಆ ಬಿಡುವನ್ನು ರಾಸಾಯನಿಕದೂತರು ದಾಟುತ್ತಾರೆ. ಆಚೆಯ ಕೋಶವು ಬಂದುದನ್ನೆಲ್ಲ ಕೂಡಿ ಕಳೆದು, ಮಿತಿ ಮೀರಿದರೆ ಪೂರ್ಣವಾಗಿ ಸಿಡಿಯುತ್ತದೆ, ಮೀರದಿದ್ದರೆ ಸುಮ್ಮನಿರುತ್ತದೆ. ಅರೆಕೋಪವೆಂಬುದು ಅದಕ್ಕೆ ತಿಳಿಯದು, ಉಗ್ರತೆಯನ್ನು ಅದು ದನಿಯೇರಿಸಿ ಅಲ್ಲ, ಮೇಲಿಂದ ಮೇಲೆ ನುಡಿದು ತಿಳಿಸುತ್ತದೆ. ವೇಗದಲ್ಲಿಯೂ ತಾರತಮ್ಯವುಂಟು: ಮಯೆಲಿನ್ ಹೊದಿಕೆಯುಳ್ಳ ದಪ್ಪ ತಂತುಗಳಲ್ಲಿ ಸುದ್ದಿಯು ಸೆಕೆಂಡಿಗೆ 100 ಮೀಟರನ್ನೂ ಮೀರಿ ಓಡಬಲ್ಲುದು, ಹೊದಿಕೆಯಿಲ್ಲದ ಸಣ್ಣ ತಂತುಗಳಲ್ಲಿ 2 ಮೀಟರನ್ನು ಮೀರುವುದು ಕಷ್ಟ. ಆದ್ದರಿಂದಲೇ ಹೊಸ್ತಿಲನ್ನು ಎಡವಿದ ಹೆಬ್ಬೆರಳಿನಿಂದ ಚುರುಕುನೋವು ಮೊದಲೂ ಮಂದನೋವು ತರುವಾಯವೂ ಬರುವುದು. ನಡುವಣ ಅವಕಾಶವು ವ್ಯಾಕರಣಶುದ್ಧವಾದ ಬೈಗುಳವೊಂದನ್ನು ಆರಿಸಿಕೊಳ್ಳಲೆಂದೇ ಕಲ್ಪಿತವಾದುದೆಂದು ನಮ್ಮ ಅಭಿಪ್ರಾಯ.

ಒಂದು ಅಪವಾದವುಂಟು. 1959ರಲ್ಲಿ ಫರ್ಷ್‌ಪಾನ್, ಪಾಟರ್ ಎಂಬಿಬ್ಬರು, ಸೀಗಡಿಯ ಬಂಧುವಾದ ಕ್ರೇಫಿಶ್ ಎಂಬ ಜಲಚರದಲ್ಲಿ ವಿದ್ಯುತ್ತು ದೂತರ ಹಂಗಿಲ್ಲದೆ ಕೋಶದಿಂದ ಕೋಶಕ್ಕೆ ನೇರವಾಗಿ ಹರಿಯುವುದನ್ನು ತೋರಿಸಿದರು. ಭೇದವುಂಟು, ಆದರೂ ಸಂಬಂಧವು ಬಿಡದು ಎಂಬ ವಿಶಿಷ್ಟಾದ್ವೈತಕ್ಕೆ ಇದಕ್ಕಿಂತ ಪ್ರಬಲವಾದ ಸಾಕ್ಷಿಯಿಲ್ಲ. ಮೇಲುಕೋಟೆಯ ವಿದ್ವಾಂಸರು ಇದನ್ನು ಇನ್ನೂ ಅಂಗೀಕರಿಸದಿರುವುದಕ್ಕೆ ಸಾಕ್ಷಿಯ ಆಹಾರಪದ್ಧತಿಯೇ ಕಾರಣವಾಗಿರಬೇಕು.