ಮೂಲಪುರುಷರು

ಬ್ಯಾಂಕಿನಿಂದಲೋ ಹೈಸ್ಕೂಲಿನಿಂದಲೋ ನಿವೃತ್ತರಾದವರು ಮೊದಲ ಆರು ತಿಂಗಳು ವಾಕಿಂಗು, ಸಕ್ಕರೆ ಕಾಯಿಲೆ, ವಾಟ್ಸ್ಯಾಪು ಎಂದು ಹೇಗೋ ತಳ್ಳುತ್ತಾರೆ. ಏಳನೆಯ ತಿಂಗಳಲ್ಲಿ ಕೆಲವರು ಷೇರುಪೇಟೆಗೆ ಇಳಿಯುತ್ತಾರೆ, ಕೆಲವರು ಭಗವದ್ಗೀತೆಗೆ. ಈ ಎರಡಕ್ಕೂ ಸಿಗದ ಮೂರನೆಯ ಪಂಗಡವೊಂದಿದೆ. ಅವರು ತಮ್ಮ ವಂಶದ ಬುಡ ಹುಡುಕಲು ಹೊರಡುತ್ತಾರೆ. ಬಡಾವಣೆಗೊಬ್ಬರಾದರೂ ಇಂಥವರಿರುತ್ತಾರೆ. ನಮ್ಮ ಬೀದಿಯವರಿಗೆ ನಾವು ‘ಮೂಲಪುರುಷರು’ ಎಂದು ಹೆಸರಿಟ್ಟಿದ್ದೇವೆ. ಎದುರಿಗೇ ಹಾಗೆ ಕರೆದರೂ ಬೇಜಾರಿಲ್ಲ. “ಇಲ್ಲ ಇಲ್ಲ, ನಾನು ಆರನೇ ತಲೆ. ಮೂಲಪುರುಷ ರಂಗಪ್ಪ. ಅವನ ಅಪ್ಪನ ಹೆಸರೊಂದು ಸಿಗ್ತಾ ಇಲ್ಲ, ಅಷ್ಟೇ” ಎಂದು ತಿದ್ದುತ್ತಾರೆ.

ಮದುವೆ ಮನೆಯಲ್ಲಿ ಇವರನ್ನು ಗುರುತಿಸುವುದು ಸುಲಭ. ಎಲ್ಲರೂ ಅಕ್ಷತೆ ಹಿಡಿದು ಮಂಟಪದ ಕಡೆ ನುಗ್ಗುತ್ತಿದ್ದರೆ ಇವರು ಎದುರು ದಿಕ್ಕಿಗೆ ನಡೆಯುತ್ತಿರುತ್ತಾರೆ, ಮೂಲೆಯ ಕುರ್ಚಿಯಲ್ಲಿ ಕೂತ ಅತಿ ಹಿರಿಯ ಜೀವದ ಕಡೆಗೆ. ಬಟ್ಟೆ ಚೀಲದಿಂದ ನೋಟ್‌ಬುಕ್ಕು ಹೊರಬರುತ್ತದೆ. “ಅಜ್ಜಿ, ನಿಮ್ಮ ಅತ್ತೆಯವರ ಹೆಸರೇನು?” “ಅತ್ತೆ ಹೆಸರು ಯಾರಪ್ಪಾ ಕೇಳ್ತಾರೆ, ಅತ್ತೆ ಅಂತಿದ್ವಿ.” “ಅವರ ತವರು?” “ಅದೇ, ಕೆರೆ ಆಚೆ ಊರು.” ಮೂಲಪುರುಷರು ಶ್ರದ್ಧೆಯಿಂದ ‘ಅತ್ತೆ, ಕೆರೆ ಆಚೆ ಊರು’ ಎಂದು ಬರೆದುಕೊಳ್ಳುತ್ತಾರೆ. ಅವರ ವಂಶವೃಕ್ಷದಲ್ಲಿ ಗಂಡಸರೆಲ್ಲ ಹೆಸರು, ಸರ್ವೆ ನಂಬರು ಸಮೇತ ಕೂತಿದ್ದಾರೆ. ಹೆಂಗಸರ ಜಾಗದಲ್ಲಿ ಮೂರು ತಲೆಮಾರು ಪ್ರಶ್ನಾರ್ಥಕ ಚಿಹ್ನೆಗಳೇ ಸಂಸಾರ ಮಾಡಿವೆ.

ಊಟದ ಹೊತ್ತಿಗೆ ವೃಕ್ಷ ಬಿಚ್ಚಿಕೊಳ್ಳುತ್ತದೆ. ಹಾಳೆಗೆ ಹಾಳೆ ಅಂಟಿಸಿ ಉದ್ದ ಮಾಡಿದ ಸುರುಳಿ ಅದು. ಒಂದು ತುದಿ ಉಪ್ಪಿನಕಾಯಿಯ ಹತ್ತಿರವಿದ್ದರೆ ಇನ್ನೊಂದು ತುದಿ ಪಾಯಸದಾಚೆಗೆ.

ಈ ಹುಡುಕಾಟದಲ್ಲಿ ಅವರಿಗೆ ಮೊದಲು ಗೊತ್ತಾದದ್ದು ಒಂದೇ: ಈ ನಾಡಿನಲ್ಲಿ ಜಮೀನು ಬೇಡದೆ ಬರೀ ಅಜ್ಜನನ್ನು ಕೇಳುವ ಮನುಷ್ಯ ಇರಬಹುದೆಂದು ಯಾರೂ ನಂಬುವುದಿಲ್ಲ. ತಾಲ್ಲೂಕು ಕಚೇರಿಯಲ್ಲಿ ‘ಅಭಿಲೇಖಾಲಯ’ ಎಂಬ ಹಲಗೆಯ ಕೆಳಗೆ ಕೂತಿದ್ದ ಹುಡುಗ ತಲೆ ಎತ್ತದೆಯೇ “ಎಷ್ಟು ಎಕರೆ ಸಾರ್?” ಎಂದನಂತೆ. “ಎಕರೆ ಬೇಡಪ್ಪ, ನಮ್ಮ ಮುತ್ತಜ್ಜ ಬೇಕು.” “ಸರಿ ಸಾರ್, ಮುತ್ತಜ್ಜನ ಹೆಸರಲ್ಲಿ ಎಷ್ಟು ಎಕರೆ?” ಅರ್ಜಿಯಲ್ಲಿ ಹೋಬಳಿ, ಗ್ರಾಮ, ಸರ್ವೆ ನಂಬರು, ಯಾವ ಸಾಲಿನಿಂದ ಯಾವ ಸಾಲಿನವರೆಗೆ ಎಂದೆಲ್ಲ ತುಂಬಿ, ‘ಉದ್ದೇಶ’ ಎಂಬಲ್ಲಿ ಮೂಲಪುರುಷರು ‘ಕುತೂಹಲ’ ಎಂದು ಬರೆದಿದ್ದರು. ಹುಡುಗ ಅದನ್ನೋದಿ ಕನಿಕರದಿಂದ, “ಸಾರ್, ಕೋರ್ಟ್ ಕೆಲಸಕ್ಕೆ ಅಂತ ಬರೀರಿ, ಬೇಗ ಆಗುತ್ತೆ” ಎಂದು ಪೆನ್ನು ಕೊಟ್ಟ.

ಊರಿನ ದಾಯಾದಿಗಳಂತೂ ಇನ್ನೂ ಚುರುಕು. ಇವರು ಬಸ್ಸಿಳಿದು ಅರಳಿಕಟ್ಟೆ ದಾಟುವುದರೊಳಗೆ ಅಲ್ಲಿ ವಕೀಲರಿಗೆ ಫೋನು ಹೋಗಿತ್ತು. “ದೊಡ್ಡಪ್ಪನ ಮಗ ಬಂದವ್ನೆ, ಕೈಯಲ್ಲಿ ನಕ್ಷೆ ಐತೆ.” ಕಾಫಿ ಬಂತು, ಚಕ್ಕುಲಿ ಬಂತು, ಆದರೆ ಅಜ್ಜನ ಪೆಟ್ಟಿಗೆಯ ಬೀಗದ ಕೈ ಮಾತ್ರ ಹೊಲದಲ್ಲಿ ಕಳೆದುಹೋಗಿತ್ತು. “ನನಗೆ ಪಾಲು ಬೇಡ ಕಣಪ್ಪ” ಎಂದು ಇವರು ಹೇಳಿದ್ದೇ ತಪ್ಪಾಯಿತು. ಪಾಲು ಬೇಡ ಎಂದು ತಾನಾಗಿ ಹೇಳುವವನಿಗಿಂತ ಅಪಾಯಕಾರಿ ದಾಯಾದಿ ಹಳ್ಳಿಯಲ್ಲಿ ಇನ್ನೊಬ್ಬನಿಲ್ಲ.

ಆದರೂ ಒಂದು ಮಾತು ಒಪ್ಪಬೇಕು. ಮನುಷ್ಯ ಪಳಗಿದ್ದಾರೆ. ಬೀದಿಯಲ್ಲಿ ಯಾರದೇ ಖಾತೆ ತಕರಾರಿರಲಿ, ಮೊದಲು ಇವರ ಹತ್ತಿರ ಬರುತ್ತಾರೆ. ‘ಪಹಣಿ ಮೊಬೈಲಿನಲ್ಲೇ ಬರುತ್ತಲ್ಲ’ ಎಂದವರಿಗೆ ಅರ್ಧ ಗಂಟೆಯ ಪಾಠ ಕಾದಿರುತ್ತದೆ. ಪಹಣಿ ಹೇಳುವುದು ಈಗ ಯಾರು ಅನುಭವಿಸುತ್ತಿದ್ದಾರೆ ಎಂದು, ಯಾರ ಹೊಟ್ಟೆಯಲ್ಲಿ ಹುಟ್ಟಿದರು ಎಂದಲ್ಲ. ಅದಕ್ಕೆ ಪೌತಿ ಖಾತೆ ನೋಡಬೇಕು. ಖಾತೆದಾರ ತೀರಿಕೊಂಡಾಗ ವಾರಸುದಾರರೆಲ್ಲ ಅಲ್ಲಿ ಸಾಲಾಗಿ ನಿಲ್ಲುತ್ತಾರೆ. ಇನಾಮು ಭೂಮಿಯಾಗಿದ್ದರೆ 1954ರ ಇನಾಮು ರದ್ದತಿ ಕಾಯ್ದೆಯ ಕಡತಗಳಿವೆ. ಗೇಣಿದಾರರಾಗಿದ್ದರೆ 1974ರ ಭೂಸುಧಾರಣೆಯಲ್ಲಿ ಕೊಟ್ಟ ಫಾರಂ ನಂಬರ್ 7 ಇದೆ. ಜೊತೆಗೆ ಭೂ ನ್ಯಾಯಮಂಡಳಿಯ ಮುಂದೆ ‘ನಮ್ಮ ತಾತನ ಕಾಲದಿಂದ ನಾವೇ ಉಳುತ್ತಿದ್ದೇವೆ’ ಎಂದು ಕೊಟ್ಟ ಹೇಳಿಕೆಗಳು. ಆ ತಾತನ ಹೆಸರು ಅಲ್ಲಿರುತ್ತದೆ. ಜನನ ಮರಣದ ನೋಂದಣಿ ನೆಚ್ಚಿಕೊಂಡರೆ 1969ರ ಕಾಯ್ದೆಗಿಂತ ಹಿಂದಕ್ಕೆ ಹೋದಷ್ಟೂ ಕಾಲು ಕುಸಿಯುತ್ತದೆ. ಶಾಲೆಯ ದಾಖಲಾತಿ ಪುಸ್ತಕದ ಪ್ರಕಾರವಂತೂ ಊರಿನ ಅರ್ಧ ಜನ ಜೂನ್ ಒಂದನೇ ತಾರೀಕು ಹುಟ್ಟಿದವರು.

ಕಡತ ಸಿಗದಿದ್ದರೆ ಕಚೇರಿಯಿಂದ ಹಿಂಬರಹ ಬರುತ್ತದೆ: ‘ಸದರಿ ಕಡತವು ಶಿಥಿಲಾವಸ್ಥೆಯಲ್ಲಿದ್ದು ನಕಲು ನೀಡಲು ಸಾಧ್ಯವಿರುವುದಿಲ್ಲ.’ ಬೇರೆಯವರು ಅದನ್ನು ಹರಿದು ಹಾಕುತ್ತಾರೆ. ಇವರು ಲ್ಯಾಮಿನೇಷನ್ ಮಾಡಿಸುತ್ತಾರೆ. “ಇಲ್ಲ ಅಂತಾನಾದ್ರೂ ದಾಖಲೆ ಆಯ್ತಲ್ಲ.” ‘ಭೂ ಸುರಕ್ಷಾ’ ಯೋಜನೆಯಲ್ಲಿ ಅಭಿಲೇಖಾಲಯದ ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡುತ್ತಾರೆಂದು ಪತ್ರಿಕೆಯಲ್ಲಿ ಓದಿದ ದಿನ ಬೀದಿಗೆಲ್ಲ ಮೈಸೂರುಪಾಕು ಹಂಚಿದರು.

ಅಮೆರಿಕದಲ್ಲಿರುವ ಅಳಿಯ ಒಂದು ದಿನ ವಿಡಿಯೋದಲ್ಲಿ, ಅಲ್ಲಿ ಪ್ರತಿ ಕೌಂಟಿಗೂ ಒಂದು ಕೋರ್ಟು ಕಟ್ಟಡವಿರುತ್ತದೆ, ಮದುವೆ, ಉಯಿಲು, ಕ್ರಯಪತ್ರ ಎಲ್ಲ ಅಲ್ಲೇ ಸಿಗುತ್ತವೆ, ಜನಗಣತಿಯ ಮನೆಮನೆಯ ಪಟ್ಟಿಯನ್ನೂ 72 ವರ್ಷಕ್ಕೆ ತೆರೆದುಬಿಡುತ್ತಾರೆ, 1950ರದ್ದು 2022ರಲ್ಲೇ ಬಂತು ಎಂದುಬಿಟ್ಟ. ಮೂಲಪುರುಷರಿಗೆ ಅಂದು ರಾತ್ರಿ ನಿದ್ದೆಯಿಲ್ಲ. ನಮ್ಮಲ್ಲಿ 1948ರ ಜನಗಣತಿ ಕಾಯ್ದೆ ಯಾರ ಮನೆಯ ವಿವರವನ್ನೂ ಯಾರಿಗೂ ತೋರಿಸಗೊಡುವುದಿಲ್ಲ. ಉಳಿಯುವುದು ಮೊತ್ತ ಮಾತ್ರ. 1871ರಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ ಸುಮಾರು 50 ಲಕ್ಷ, 1881ರಲ್ಲಿ ಸುಮಾರು 42 ಲಕ್ಷ. ನಡುವೆ ಬಂದು ಹೋದದ್ದು ಧಾತು-ಈಶ್ವರ ಬರ. ಆ ಬರದಲ್ಲೇ ಇವರ ಮನೆತನ ಊರು ಬಿಟ್ಟದ್ದೆಂದು ಅಜ್ಜಿ ಹೇಳುತ್ತಿದ್ದರಂತೆ. ಬಿಟ್ಟ ಊರು ಯಾವುದು? ಅದನ್ನು ಅಜ್ಜಿಗೆ ಯಾರೂ ಕೇಳಿರಲಿಲ್ಲ.

ಶಾನುಭೋಗರ ಮನೆಗಳ ಅಟ್ಟಗಳನ್ನೂ ಇವರು ಬಿಟ್ಟಿಲ್ಲ. 1961ರ ಕಾಯ್ದೆ ವಂಶಪಾರಂಪರ್ಯದ ಪಟೇಲ, ಶಾನುಭೋಗಿಕೆಗಳನ್ನು ತೆಗೆದುಹಾಕಿದಾಗ ಎಷ್ಟೋ ಲೆಕ್ಕದ ಕಟ್ಟುಗಳು ಅಟ್ಟದಲ್ಲೇ ಉಳಿದವು. ಹುಣಿಸೆಬೀಜದ ಅಂಟು, ಇದ್ದಿಲು ಬಳಿದ ಬಟ್ಟೆಯ ಕಡತ, ಅದರ ಮೇಲೆ ಬಳಪದ ಬರಹ. ಒರೆಸಿ ಮತ್ತೆ ಬರೆಯಬಹುದು, ಲೆಕ್ಕಕ್ಕೆ ಬಲು ಅನುಕೂಲ, ವಂಶಕ್ಕಲ್ಲ. ಒಬ್ಬ ಶಾನುಭೋಗರ ಮೊಮ್ಮಗ, “ಎರಡು ಪೆಟ್ಟಿಗೆ ತುಂಬ ಇತ್ತು ಸಾರ್. ಅಜ್ಜ ಹೋದ ಮೇಲೆ ಹಂಡೆ ಒಲೆಗೆ ಹಾಕಿದ್ವಿ” ಎಂದ. ಮೂಲಪುರುಷರು ಕಂಬ ಹಿಡಿದುಕೊಂಡು ಕೇಳಿದ್ದು ಒಂದೇ ಪ್ರಶ್ನೆ: “ಯಾವ ಗ್ರಾಮದ್ದು?”

ಅವರಿಗೆ ಹೊಟ್ಟೆಕಿಚ್ಚೆಂಬುದು ಬಂದದ್ದು ಹೆಳವರಿಂದ. ಎದುರು ಮನೆಯ ಗೌಡರ ಬಾಗಿಲಿಗೆ ಒಂದು ಬೆಳಿಗ್ಗೆ ಹೆಳವನೊಬ್ಬ ಬಂದ. ಹಿಂದೆಲ್ಲ ಎತ್ತಿನ ಮೇಲೆ ಬರುತ್ತಿದ್ದವರು, ಈ ಸಲ ಮೊಪೆಡ್ಡಿನಲ್ಲಿ. ಗೇಟಿನ ಹೊರಗೆ ನಿಂತು ಗೌಡರ ಮನೆತನವನ್ನು ತಲೆಯಿಂದ ತಲೆಗೆ, ಯಾವ ಊರಿಂದ ಯಾವ ಊರಿಗೆ, ಯಾರಿಗೆ ಎಷ್ಟು ಮಕ್ಕಳು ಎಂದು ರಾಗವಾಗಿ ಹೇಳಿಕೊಂಡು ಹೋದ. ಗೌಡರು ಅರ್ಧ ಕೇಳಿ ಕ್ರಿಕೆಟ್ಟು ನೋಡಲು ಒಳಗೆ ಹೋದರು. ಮೂಲಪುರುಷರು ಲುಂಗಿಯಲ್ಲೇ ಓಡಿ ಬಂದು, “ಸ್ವಲ್ಪ ನಮ್ಮ ಮನೇದೂ ಹೇಳಪ್ಪ” ಎಂದು ಕೈಮುಗಿದರು. ಅವನು ಹೊತ್ತಿಗೆಯ ಹಾಳೆಗಳನ್ನು ತಿರುವಿ, “ನಿಮ್ಮ ಮನೆ ನಮ್ಮ ಪಾಲಿಗೆ ಬರಾಕಿಲ್ಲ ಸ್ವಾಮಿ” ಎಂದ. ಹೆಳವರಿಗೆ ಊರು, ಮನೆಗಳು ಹಂಚಿಹೋಗಿರುತ್ತವೆ. ಒಬ್ಬರ ಒಕ್ಕಲು ಇನ್ನೊಬ್ಬರು ಹಾಡುವಂತಿಲ್ಲ. ಗೌಡರ ಹೊಸ ಮೊಮ್ಮಗಳ ಹೆಸರು ಬರೆದುಕೊಂಡು, ಅಕ್ಕಿ ಹಾಕಿಸಿಕೊಂಡು ಹೋದ. ಬೇಡದವರಿಗೆ ವಂಶ, ಬೇಕಾದವರಿಗೆ ಹಿಂಬರಹ.

ಅವರ ಮೆಚ್ಚಿನ ಇಂಗ್ಲಿಷರವ ಬಿ. ಎಲ್. ರೈಸ್. ಬೆಂಗಳೂರಿನಲ್ಲೇ 1837ರಲ್ಲಿ ಹುಟ್ಟಿ, ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಲ್ಲಿ ನಾಡಿನ ಶಾಸನಗಳನ್ನು ಜಿಲ್ಲೆವಾರು, ತಾಲ್ಲೂಕುವಾರು ಜೋಡಿಸಿ ನಂಬರು ಕೊಟ್ಟು ಹೋದ. “ತಾಲ್ಲೂಕಿನ ಬೆಲೆ ಗೊತ್ತಿದ್ದವನು” ಎನ್ನುತ್ತಾರೆ. ಆದರೆ ತಾಲ್ಲೂಕುಗಳು ನಿಂತಲ್ಲಿ ನಿಲ್ಲಬೇಕಲ್ಲ! ಅವರ ಹೆಂಡತಿಯ ತವರು ಹರಪನಹಳ್ಳಿ ತಾಲ್ಲೂಕು. ಅದು 1953ರವರೆಗೆ ಮದ್ರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿತ್ತು, ಆಮೇಲೆ ಮೈಸೂರು ರಾಜ್ಯದ ಬಳ್ಳಾರಿ, 1997ರಲ್ಲಿ ದಾವಣಗೆರೆ, ಮತ್ತೆ ಬಳ್ಳಾರಿ, 2021ರಿಂದ ವಿಜಯನಗರ. ಮಾವನ ಮನೆ ಒಂದಿಂಚೂ ಕದಲಿಲ್ಲ. “ನಿನ್ನ ಮುತ್ತಜ್ಜನ ಕಾಲದ್ದು ಬೇಕಂದ್ರೆ ಚೆನ್ನೈನ ಎಗ್ಮೋರಿನ ಪತ್ರಾಗಾರಕ್ಕೇ ಹೋಗ್ಬೇಕು ಕಣೇ” ಎಂದು ಇವರು ಗೊಣಗಿದ್ದೇ ತಡ, “ಹೋಗೋಣ ರೀ, ಕಾಂಚೀಪುರ ದಾರೀಲೇ ಸಿಗುತ್ತೆ” ಎಂದು ಆಕೆ ಸೀರೆ ಬಜೆಟ್ಟು ಹಾಕಿಬಿಟ್ಟರು. ವಂಶಶೋಧನೆಯಲ್ಲಿ ಆಕೆ ತೋರಿಸಿದ ಆಸಕ್ತಿ ಅದೊಂದೇ.

ಕೊನೆಗೂ ಒಂದು ದಿನ ಮೂಲಪುರುಷರ ಅದೃಷ್ಟ ತೆರೆಯಿತು. ಹಳೆಯ ಕಟ್ಟೊಂದರಲ್ಲಿ ‘ರಂಗಪ್ಪ ಬಿನ್ ತಿಮ್ಮಪ್ಪ, ರೌದ್ರಿ ಸಂವತ್ಸರ’ ಎಂಬ ಸಾಲು ಸಿಕ್ಕಿತು. ಇವರ ಮನೆಯಲ್ಲಿ ಮೊಮ್ಮಗನಿಗೆ ಅಜ್ಜನ ಹೆಸರಿಡುವ ಪದ್ಧತಿ. ಆದ್ದರಿಂದ ರಂಗಪ್ಪನ ಮಗ ತಿಮ್ಮಪ್ಪ, ತಿಮ್ಮಪ್ಪನ ಮಗ ರಂಗಪ್ಪ, ಮತ್ತೆ ತಿಮ್ಮಪ್ಪ. ಸಂವತ್ಸರವೋ 60 ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. ಈ ರೌದ್ರಿ 1860 ಆದರೆ ಇವನೇ ಮೂಲಪುರುಷ, ಅವನಪ್ಪನ ಹೆಸರು ತಿಮ್ಮಪ್ಪ ಎಂದು ಸಿಕ್ಕಂತಾಯಿತು, ಜನ್ಮ ಸಾರ್ಥಕ. 1920 ಆದರೆ ಇವನು ಬರೀ ಮುತ್ತಜ್ಜ. ಮೂಲಪುರುಷರು 1860 ಎಂದೇ ತೀರ್ಮಾನಿಸಿ ಹಾಳೆಗೆ ಹಾಳೆ ಅಂಟಿಸಿದರು. ಹಾಳುಮಾಡಿದ್ದು ಅದೇ ಸಾಲಿನಲ್ಲಿದ್ದ ಸರ್ವೆ ನಂಬರು. ಮೈಸೂರು ಸೀಮೆಯಲ್ಲಿ ಕಂದಾಯ ಸರ್ವೆ ಶುರುವಾದದ್ದೇ 1863ರಲ್ಲಿ.

ಆದರೆ ಮುತ್ತಜ್ಜನೂ ಸಾಮಾನ್ಯನಲ್ಲ ಎಂದು ಆಮೇಲೆ ತಿಳಿಯಿತು. ಆ ಸಾಲಿನ ಪಕ್ಕದಲ್ಲೇ ಮುನ್ಸೀಫ್ ಕೋರ್ಟಿನ ದಾವೆಯ ನಂಬರೊಂದಿತ್ತು. ದಾಯಾದಿಗಳೆಲ್ಲ ಸೇರಿ ಅವನ ಮೇಲೆ ಹಾಕಿದ ದಾವೆ. ಸರಿಯಾಗಿ ಕಂದಾಯ ಕಟ್ಟಿ, ತಣ್ಣಗೆ ಬದುಕಿ, ಜಗಳವಿಲ್ಲದೆ ಸತ್ತ ಐದು ಜನ ಸೋದರರ ಬಗ್ಗೆ ಇಡೀ ತಾಲ್ಲೂಕಿನಲ್ಲಿ ಒಂದಕ್ಷರವಿಲ್ಲ. ಬೇಲಿ ಸರಿಸಿದವನು, ಕಂದಾಯ ಬಾಕಿ ಉಳಿಸಿಕೊಂಡವನು, ಕೋರ್ಟು ಮೆಟ್ಟಿಲು ಸವೆಸಿದವನು, ಇಂಥವರನ್ನೇ ಸರ್ಕಾರ ನೂರು ವರ್ಷ ಜೋಪಾನವಾಗಿ ಕಟ್ಟಿ ಇಟ್ಟಿರುತ್ತದೆ. ಮೂಲಪುರುಷರು ಮುತ್ತಜ್ಜನಿಗೆ ಮನಸೋತರು. “ಸಿಂಹ ಕಣ್ರೀ, ಸಿಂಹ! ನಮ್ಮ ಮನೆತನದ ಸಿಟ್ಟು ಇದೆಯಲ್ಲ, ಅದು ಬಂದಿರೋದೇ ಅಲ್ಲಿಂದ” ಎಂದು ಹಾಲಿನವನ ಮೇಲೆ ರೇಗಿದಾಗೆಲ್ಲ ವಿವರಿಸತೊಡಗಿದರು.

ಕಳೆದ ತಿಂಗಳು ಆ ದಾವೆಯ ದೃಢೀಕೃತ ನಕಲು ಬಂತು. ಓದುವಾಗ ನಾನೂ ಅಲ್ಲಿದ್ದೆ. ದಾಯಾದಿಗಳ ತಕರಾರು ಬೇಲಿಯದಾಗಿರಲಿಲ್ಲ. ಸದರಿ ರಂಗಪ್ಪನಿಗೆ ಪುತ್ರಸಂತಾನವಿಲ್ಲದೆ, ಪರಸ್ಥಳದ ಹುಡುಗನೊಬ್ಬನನ್ನು ದತ್ತು ತಂದು ತಿಮ್ಮಪ್ಪನೆಂದು ಹೆಸರಿಟ್ಟಿರುವುದು ಅಸಿಂಧು ಎಂದು ದಾವೆ. ದತ್ತು ಸಿಂಧುವೆಂದು ತೀರ್ಪಾಗಿತ್ತು. ಮುತ್ತಜ್ಜ ಗೆದ್ದಿದ್ದ. ಆ ತಿಮ್ಮಪ್ಪನೇ ಇವರ ಅಜ್ಜ.

ಮೂಲಪುರುಷರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ಇನ್ನೊಮ್ಮೆ ಓದಿದರು. ಅಡುಗೆಮನೆಯಿಂದ ಆಕೆ ಸೌಟು ಹಿಡಿದೇ ಬಂದರು.

“ಹಾಗಾದ್ರೆ ರೀ, ಇಷ್ಟು ವರ್ಷ ನಾನು ಸಹಿಸ್ಕೊಂಡು ಬಂದಿರೋ ಸಿಟ್ಟು ಯಾರದ್ದು?”

“ಅದನ್ನೇ ಈಗ ನೋಡ್ಬೇಕು” ಎಂದರು ಮೂಲಪುರುಷರು. ಅವರ ಮುಖ ಅಷ್ಟು ಅರಳಿದ್ದನ್ನು ನಾನು ನೋಡಿರಲಿಲ್ಲ. “ಜನಕ ತಂದೆ ಪಕ್ಕದ ತಾಲ್ಲೂಕಿನವನು ಅಂತ ಇದೆ. ಅವನೂ ಯಾರ ಜೊತೆಗಾದ್ರೂ ಕಿತ್ತಾಡಿದ್ರೆ ಸಾಕು, ಸಿಕ್ಕಿಬಿಡ್ತಾನೆ. ಸೋಮವಾರ ಮೊದಲನೇ ಬಸ್ಸು ಎಷ್ಟು ಹೊತ್ತಿಗೆ, ಕೇಳು.”