ಗಾಳಮೀಮಾಂಸೆ ಅಥವಾ ಕೊನೆಯ ಗೇಣಿನ ಸಿದ್ಧಾಂತ

ಯಾವುದೇ ಶಾಸ್ತ್ರಗ್ರಂಥದ ಆರಂಭದಲ್ಲಿ ನಾಲ್ಕು ಅನುಬಂಧಗಳಿರಬೇಕೆಂಬುದು ಹಿರಿಯರ ಕಟ್ಟಳೆ: ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ. ಪ್ರಸ್ತುತ ಗ್ರಂಥದ ವಿಷಯ, ಗೆಂಡೆಮೀನಿಗೆ ತಕ್ಕ ಕೋಲು, ದಾರ, ಗಾಳ ಮತ್ತು ಅವನ್ನು ಕಟ್ಟುವ ಬಗೆ. ಪ್ರಯೋಜನ, ಮೀನು. ಅದೇ ಮೀನು ಸಂತೆಯಲ್ಲಿ ಇದಕ್ಕಿಂತ ಅಗ್ಗವಾಗಿ, ಪೊರೆ ತೆಗೆಸಿ ತುಂಡು ಮಾಡಿಸಿಯೂ ಸಿಗುತ್ತದಲ್ಲ ಎಂಬ ಆಕ್ಷೇಪವುಂಟು. ಆಕ್ಷೇಪಿಸುವವರು ಮನೆಯವರೇ ಆದ್ದರಿಂದ ಅದನ್ನು ಖಂಡಿಸುವ ಸಾಹಸಕ್ಕೆ ಕೈಹಾಕಿಲ್ಲ. ಸಂಬಂಧವೆಂದರೆ ಗಂಟು; ಅದಕ್ಕೆ ಮುಂದೆ ಪ್ರತ್ಯೇಕ ಪ್ರಕರಣವಿದೆ. ಅಧಿಕಾರಿಯ ವಿಷಯದಲ್ಲಿ ಮಾತ್ರ ಹಳೆಯ ವ್ಯಾಖ್ಯಾನ ಸಾಲದು. ಶಮದಮಾದಿ ಗುಣಗಳಿದ್ದ ಮಾತ್ರಕ್ಕೆ ಕೆರೆಗೆ ಗಾಳ ಹಾಕುವ ಹಕ್ಕು ಬರುವುದಿಲ್ಲ. ನಮ್ಮ ಅನೇಕ ಕೆರೆಗಳ ಮೀನು ಸಹಕಾರ ಸಂಘಕ್ಕೋ ಹರಾಜಿನಲ್ಲಿ ಕೂಗಿದವರಿಗೋ ಗುತ್ತಿಗೆ ಹೋಗಿರುತ್ತದೆ. ಅವರ ಒಪ್ಪಿಗೆ ಪಡೆದವನು ಅಧಿಕಾರಿ, ಪಡೆಯದವನು ಕಳ್ಳ. ಇದರಲ್ಲಿ ಮೂರನೆಯ ಕೋಟಿ ಇಲ್ಲ.

ಇನ್ನು ಪೂರ್ವಸೂರಿಗಳ ಸ್ಮರಣೆ. ಈ ಶಾಸ್ತ್ರ ಇಂಗ್ಲೆಂಡಿನಲ್ಲಿ ಹುಟ್ಟಿತು, 1653ರಲ್ಲಿ ಐಸಾಕ್ ವಾಲ್ಟನ್ ಪ್ರಕಟಿಸಿದ 'ದಿ ಕಂಪ್ಲೀಟ್ ಆಂಗ್ಲರ್' ಅದರ ಮೂಲಗ್ರಂಥ ಎಂದು ನಂಬಿದ ವಿದ್ವಾಂಸರಿದ್ದಾರೆ. ಅವರು ಕಲ್ಯಾಣದ ಕಡೆಗೆ ತಲೆಹಾಕಿ ಮಲಗಿದವರೂ ಅಲ್ಲ. ಆ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದ ಪೂರ್ವಾರ್ಧದಲ್ಲಿ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಮತ್ಸ್ಯವಿನೋದವೆಂಬ ಭಾಗವೇ ಇದೆ. ರಾಜನಾದವನು ಆನೆ, ಅಡುಗೆ, ಸಂಗೀತಗಳ ಜೊತೆಗೆ ಯಾವ ಮೀನಿಗೆ ಏನು ತಿನ್ನಿಸಿ ಸಾಕಬೇಕು, ಆಮೇಲೆ ಅದನ್ನು ಗಾಳಕ್ಕೆ ಹೇಗೆ ತರಬೇಕು ಎಂಬುದನ್ನೂ ತಿಳಿದಿರಬೇಕು ಎಂಬುದು ಆ ಗ್ರಂಥದ ನಿಲುವು. ವಾಲ್ಟನ್ನನಿಗೆ ಇದು ಐನೂರು ವರ್ಷ ಹಿಂದಿನ ಮಾತು. ಸೋಮೇಶ್ವರನಿಗಿದ್ದ ಒಂದು ಅನುಕೂಲ ನಮಗಿಲ್ಲ: ಗುತ್ತಿಗೆದಾರನೂ ಅವನೇ, ಹರಾಜು ಕೂಗಿಸುವವನೂ ಅವನೇ.

ಲಕ್ಷ್ಯವಿಚಾರ. ಕರ್ನಾಟಕದ ಕೆರೆಯಲ್ಲಿ ಗಾಳಕ್ಕೆ ಬೀಳುವ ಗೆಂಡೆಗಳಲ್ಲಿ ಮುಖ್ಯವಾದವು ನಾಲ್ಕು, ನಾಲ್ಕೂ ಹೊರಗಿನವು. ಕಾಟ್ಲಾ, ರೋಹು, ಮೃಗಾಲ್‌ಗಳ ತವರು ಗಂಗೆಯ ಕಡೆಯ ನದಿಗಳು. ಸಾಮಾನ್ಯ ಗೆಂಡೆ, ಎಂದರೆ ಎಲ್ಲರ ಬಾಯಲ್ಲೂ ಕಾಮನ್ ಕಾರ್ಪ್ ಆಗಿರುವುದು, ಸಮುದ್ರ ದಾಟಿಯೇ ಬಂದದ್ದು. 1939ರಲ್ಲಿ ಶ್ರೀಲಂಕಾದ ಮೂಲಕ ನೀಲಗಿರಿಗೆ ಒಂದು ತಳಿ, 1957ರಲ್ಲಿ ಬ್ಯಾಂಕಾಕಿನಿಂದ ಇನ್ನೊಂದು. ಅದೇ 1957ರ ಜುಲೈ 10ರಂದು ಒಡಿಶಾದಲ್ಲಿ ಹೀರಾಲಾಲ್ ಚೌಧುರಿ ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿ ಭಾರತದ ಗೆಂಡೆಗಳಿಂದ ಮೊಟ್ಟೆ ಇಡಿಸಿದ ಮೇಲೆ, ಹರಿಯುವ ನದಿಯನ್ನೇ ಕಾಣದ ಕೆರೆಗಳಿಗೂ ಈ ಮರಿಗಳು ಡಬ್ಬಿಗಳಲ್ಲಿ ಬಂದು ಇಳಿದವು. ಆದ್ದರಿಂದ ನಾಡಮೀನನ್ನು ಹಿಡಿದೆನೆಂದು ಏರಿಯ ಮೇಲೆ ನಿಂತು ಫೋಟೋ ತೆಗೆಸಿಕೊಳ್ಳುವವರು ಶೀರ್ಷಿಕೆಯನ್ನು ಒಮ್ಮೆ ಪರಿಶೀಲಿಸುವುದು ಒಳ್ಳೆಯದು.

ಈ ಪ್ರಬಂಧ ಸಾಮಾನ್ಯ ಗೆಂಡೆಯನ್ನೇ ಮುಖ್ಯವಾಗಿ ಹಿಡಿದಿದೆ (ವ್ಯಾಖ್ಯಾನದಲ್ಲಿ ಹಿಡಿಯುವುದು ಸುಲಭ). ಅದರ ದವಡೆಯಲ್ಲಿ ಹಲ್ಲಿಲ್ಲ, ಹಲ್ಲುಗಳಿರುವುದು ಗಂಟಲಲ್ಲಿ. ತುಟಿಯನ್ನು ಮುಂದಕ್ಕೆ ಚಾಚಿ ತಳದ ಕೆಸರನ್ನು ಆಹಾರದ ಸಮೇತ ಹೀರಿಕೊಳ್ಳುತ್ತದೆ, ಬಾಯೊಳಗೆ ಸೋಸುತ್ತದೆ, ಬೇಡದ್ದನ್ನು ಉಗಿಯುತ್ತದೆ. ಬಾಯಿಯ ಎರಡೂ ಬದಿಗೆ ಎರಡೆರಡು ಮೀಸೆ; ರುಚಿ ನೋಡುವ ಕೆಲಸದಲ್ಲಿ ಅವಕ್ಕೂ ಪಾಲಿದೆ. ಗಾಳಿಚೀಲದಿಂದ ಒಳಕಿವಿಯವರೆಗೆ ಸಣ್ಣ ಮೂಳೆಗಳ ಸರಪಣಿಯೊಂದಿದೆ. ಜರ್ಮನಿಯ ಎರ್ನ್‌ಸ್ಟ್ ವೆಬರ್ 1820ರಲ್ಲಿ ಇದನ್ನು ವಿವರಿಸಿದ್ದರಿಂದ ಅವು ಅವನ ಹೆಸರಿನಲ್ಲೇ ಇವೆ. ಫಲಿತಾರ್ಥ: ಮೀನಿನ ಕಿವಿ ಚುರುಕು. ಗಾಳದ ಕುರಿತ ವಾದವಿವಾದಗಳನ್ನು ದಡದಿಂದ ದೂರದಲ್ಲಿ, ಸಾಧ್ಯವಾದರೆ ಬೇರೆ ತಾಲ್ಲೂಕಿನಲ್ಲಿ ನಡೆಸತಕ್ಕದ್ದು.

ಈಗ ಪ್ರಧಾನ ಪ್ರಮೇಯ. ಉಪಕರಣದ ಬೆಲೆಯು ಮೀನಿನ ಬಾಯಿಗೂ ಅದಕ್ಕೂ ಇರುವ ದೂರ ಹೆಚ್ಚಿದಂತೆ ಹೆಚ್ಚುತ್ತದೆ. ಅದರ ಉಪಯೋಗ ಅದೇ ಕ್ರಮದಲ್ಲಿ ಇಳಿಯುತ್ತದೆ. ಬಾಯಿಗೆ ಹೋಗುವ ಗಾಳ ಚಿಲ್ಲರೆ ಕಾಸಿನದು. ಅದಕ್ಕೆ ಕಟ್ಟಿದ ದಾರ ಸ್ವಲ್ಪ ದುಬಾರಿ. ರೀಲು ಇನ್ನೂ ದುಬಾರಿ, ಕೋಲು ಅದಕ್ಕಿಂತ, ಕೂರುವ ಮಡಚುವ ಕುರ್ಚಿ ವಿವಾದಾಸ್ಪದ, ಏರಿಯ ಮೇಲೆ ನಿಲ್ಲಿಸಿದ ಕಾರು ಎಲ್ಲಕ್ಕೂ ಮೇಲು. ಮೀನು ಇಷ್ಟರಲ್ಲಿ ನೋಡುವುದು, ಮೂಸುವುದು, ಉಗಿಯುವುದು ಕೊನೆಯ ಒಂದು ಗೇಣನ್ನು ಮಾತ್ರ. ಅಂಗಡಿ ಮಾತ್ರ ಇನ್ನೊಂದು ತುದಿಯಲ್ಲಿದೆ. ಇದೇ ಕೊನೆಯ ಗೇಣಿನ ಸಿದ್ಧಾಂತ. ಇದನ್ನು ಒಪ್ಪದವರ ಪಕ್ಷಗಳನ್ನು ಒಂದೊಂದಾಗಿ ತೆಗೆದುಕೊಳ್ಳೋಣ.

ಮೊದಲನೆಯವರು ದಂಡವಾದಿಗಳು. ಕೋಲೇ ಪರಮಪ್ರಮಾಣ ಎಂಬುದು ಇವರ ಮತ. ಇವರ ಮುಖ್ಯ ಶ್ರುತಿ ಟೆಸ್ಟ್ ಕರ್ವ್: ಕೋಲಿನ ತುದಿ ಬುಡಕ್ಕೆ ಲಂಬಕೋನದಲ್ಲಿ ಬಾಗಲು ಬೇಕಾದ ಎಳೆತದ ತೂಕ. ಹನ್ನೆರಡು ಅಡಿಯ, ಮೂರು ಪೌಂಡಿನ ಕೋಲಿಲ್ಲದೆ ಗೆಂಡೆಗೆ ಹೋಗುವುದು ನಿಷಿದ್ಧವೆನ್ನುತ್ತಾರೆ. ಇವರನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಭಾರವಾದ ಸೀಸವನ್ನು ದೂರಕ್ಕೆ ಎಸೆಯಬೇಕಾದಲ್ಲಿ ಇಂಥ ಕೋಲು ಬೇಕು. ಓಡುವ ಮೀನಿನ ಜಗ್ಗುವಿಕೆಯನ್ನು ದಾರ ಹರಿಯದಂತೆ ನುಂಗಿಕೊಳ್ಳುವುದೂ ಕೋಲಿನ ಬಾಗೇ. 1952ರ ಸೆಪ್ಟೆಂಬರಿನಲ್ಲಿ ರಿಚರ್ಡ್ ವಾಕರ್ ಇಂಗ್ಲೆಂಡಿನ ರೆಡ್‌ಮೈರ್ ಕೊಳದಲ್ಲಿ 44 ಪೌಂಡಿನ ಗೆಂಡೆಯನ್ನು ಹಿಡಿದಾಗ ಕೋಲುಗಳು ಸೀಳಿದ ಬಿದಿರನ್ನು ಅಂಟಿಸಿ ಮಾಡಿದವು. ಆ ಮೀನು ಲಂಡನ್ ಮೃಗಾಲಯದ ಅಕ್ವೇರಿಯಂ ಸೇರಿ ಕ್ಲಾರಿಸಾ ಎಂಬ ಹೆಸರು ಪಡೆದು ಬಾಳಿತು. ಆದರೆ ನಮ್ಮ ಕೆರೆಯ ಗೆಂಡೆ ಸಂಜೆ ಹೊತ್ತು ಜೊಂಡಿನ ಬುಡದಲ್ಲಿ, ದಡದಿಂದ ಎರಡು ಮಾರು ದೂರದಲ್ಲಿ ಮೇಯುತ್ತಿರುವಾಗ ಎಂಬತ್ತು ಗಜ ಎಸೆದು ತಮ್ಮ ಕೋಲಿನ ಸತ್ವ ತೋರಿಸುವವರು ಅದರ ತಲೆಯ ಮೇಲಿಂದಲೇ ಸೀಸ ಹಾಯಿಸುತ್ತಾರೆ. ಅಲ್ಲಿಗೆ ಎಂಟು ಒಂಬತ್ತು ಅಡಿಯದು ಸಾಕು. ಮಲೆನಾಡಿನ ವಾಟೆ ಕೋಲಿನ ಅನುಯಾಯಿಗಳಿಗಂತೂ ರೀಲೇ ಇಲ್ಲ. ಕೋಲಿನಷ್ಟೇ ದಾರ, ದಾರದಷ್ಟೇ ಆಸೆ.

ರೀಲಿನ ವಿಷಯದಲ್ಲಿ ಒಂದೇ ವಿಧಿ. ಬಿಗಿ ಎಷ್ಟಿರಬೇಕೆಂದರೆ ದಾರದ ಬಲದ ಮೂರನೆಯ ಒಂದು ಪಾಲು ಎಳೆತ ಬಿದ್ದರೆ ರೀಲು ದಾರ ಬಿಟ್ಟುಕೊಡಬೇಕು. ಉಳಿದದ್ದೆಲ್ಲ ಬೇರಿಂಗುಗಳ ಸಂಖ್ಯೆಯ ಕುರಿತ ಪುರಾಣ.

ಎರಡನೆಯವರು ಸೂತ್ರವಾದಿಗಳು. ಇವರಲ್ಲಿ ಮೂರು ಶಾಖೆ. ನೈಲಾನ್ ತಂಗೂಸಿಯವರು ಸಂಪ್ರದಾಯಸ್ಥರು. ಅವರ ದಾರ ಎಳೆದರೆ ಹಿಗ್ಗುತ್ತದೆ, ಆದ್ದರಿಂದ ಮೀನಿನ ಮೊದಲ ಓಟವನ್ನೂ ಹಿಡಿಯುವವನ ಮೊದಲ ಗಾಬರಿಯನ್ನೂ ಒಟ್ಟಿಗೆ ಕ್ಷಮಿಸುತ್ತದೆ. ಹೆಣೆದ ದಾರದವರು ನವ್ಯರು. ಪಾಲಿಎಥಿಲೀನಿನ ಈ ಹೆಣಿಗೆ ಅದೇ ಬಲಕ್ಕೆ ತುಂಬ ತೆಳು, ಹಿಗ್ಗುವುದು ತೀರ ಕಡಿಮೆ, ನೀರಿಗಿಂತ ಹಗುರವಾದ್ದರಿಂದ ತೇಲುವ ಸ್ವಭಾವದ್ದು. ತಳದಲ್ಲಿ ಮಲಗಿರಬೇಕಾದ ದಾರ ಮೇಲೆದ್ದರೆ ಬರುವ ಮೀನಿನ ಮೈಗೆ ತಾಗಿ ಸುದ್ದಿ ಮುಂಚಿತವಾಗಿ ಮುಟ್ಟುತ್ತದೆ. ಮೂರನೆಯವರು ಫ್ಲೋರೋಕಾರ್ಬನ್‌ನವರು, ಅದೃಶ್ಯವಾದಿಗಳು. ನೀರಿನ ವಕ್ರೀಭವನಾಂಕ 1.33, ಇದರದ್ದು ಸುಮಾರು 1.42, ನೈಲಾನಿನದು 1.5ಕ್ಕೂ ಮೇಲೆ, ಆದ್ದರಿಂದ ನೀರಿನಲ್ಲಿ ಇದು ಕಾಣುವುದು ಕಡಿಮೆ ಎಂಬ ಅವರ ಅನುಮಾನ ತರ್ಕಶುದ್ಧ. ಮೊಣಕೈ ಮುಳುಗಿಸಿದರೆ ಬೆರಳು ಕಾಣದ ಕೆರೆಯಲ್ಲಿ ಎಲ್ಲ ದಾರವೂ ಅದೃಶ್ಯವೆಂಬುದು ಪ್ರತಿವಾದ. ಪ್ರತಿವಾದ ಗೆದ್ದರೂ ಅವರಲ್ಲಿ ಒಂದು ನಿಜವಾದ ಗುಣ ಉಳಿಯುತ್ತದೆ: ಅವರ ದಾರ ನೀರಿಗಿಂತ ಭಾರ, ಮುಳುಗಿ ತಳಕ್ಕೆ ಒರಗುತ್ತದೆ.

ನಿರ್ಣಯ: ರೀಲಿನ ತುಂಬ 12ರಿಂದ 15 ಪೌಂಡಿನ ನೈಲಾನ್. ವರ್ಷಕ್ಕೊಮ್ಮೆ ಬದಲಾಯಿಸಬೇಕು, ಯಾಕೆಂದರೆ ಬಿಸಿಲು ಅದನ್ನು ತಿನ್ನುತ್ತದೆ. ಪ್ರತಿಸಲ ಕೊನೆಯ ಎರಡು ಮಾರನ್ನು ಉಗುರಿನ ನಡುವೆ ಹಾಯಿಸಿ ತರಚು ಇದೆಯೇ ನೋಡಬೇಕು.

ಗಂಟಿನ ಪ್ರಕರಣ ಚಿಕ್ಕದಾದರೂ ಗುಹ್ಯ. ಬಿಗಿಯುವ ಮುನ್ನ ಎಂಜಲು ಹಚ್ಚತಕ್ಕದ್ದು. ಒಣಗಂಟನ್ನು ಎಳೆದರೆ ತಿಕ್ಕಾಟದ ಬಿಸಿಗೆ ನೈಲಾನಿನ ಬಲ ಕುಂದುತ್ತದೆ. ಮಡಿವಂತರು ಕೆರೆಯ ನೀರನ್ನು ಬಳಸಬಹುದು. ಫಲದಲ್ಲಿ ಭೇದವಿಲ್ಲ, ಕೆರೆ ಯಾವುದೆಂಬುದರ ಮೇಲೆ ಮಡಿಯಲ್ಲಿ ಭೇದವಿದೆ. ಮೀನು ತಪ್ಪಿಸಿಕೊಂಡಾಗ ಶವಪರೀಕ್ಷೆ ಹೀಗೆ: ಉಳಿದ ದಾರದ ತುದಿ ಸುರುಳಿಸುರುಳಿಯಾಗಿದ್ದರೆ ಗಂಟು ಜಾರಿದೆ, ದೋಷ ಕಟ್ಟಿದವನದು. ಚೊಕ್ಕವಾಗಿ ತುಂಡಾಗಿದ್ದರೆ ದಾರ ಸೋತಿದೆ, ದೋಷ ತಯಾರಕನದು. ಎರಡನೆಯ ವರದಿಯೇ ಹೆಚ್ಚಾಗಿ ಊರಿಗೆ ಮುಟ್ಟುವುದನ್ನು ಸಮಾಜಶಾಸ್ತ್ರಜ್ಞರು ಗಮನಿಸಬೇಕು.

ಗಾಳಕ್ಕೆ ಬಂದರೆ ಗಣಿತವೇ ತಲೆಕೆಳಗು. 10ನೆಯ ನಂಬರು 6ಕ್ಕಿಂತ ಚಿಕ್ಕದು, 6 ಎಂಬುದು 4ಕ್ಕಿಂತ. ಹೀಗೆ ಅಂಕೆ ಇಳಿದಂತೆ ಗಾಳ ಬೆಳೆದು 1ಕ್ಕೆ ಮುಟ್ಟುತ್ತದೆ. ಅಲ್ಲಿಂದಾಚೆಗೆ 1/0, 2/0 ಎಂದು ಮತ್ತೆ ಮೇಲಕ್ಕೆ. ಒಂದರ ಕೆಳಗೆ ಸೊನ್ನೆ! 12ನೆಯ ಶತಮಾನದ ಭಾಸ್ಕರಾಚಾರ್ಯ ಇಂಥ ರಾಶಿಯನ್ನು ಖಹರವೆಂದು ಕರೆದು ಅನಂತವೆಂದು ಬಗೆದ. ಇಂದಿನ ಗಣಿತ ಅದನ್ನು ನಿಷೇಧಿಸಿದೆ. ಗಾಳದ ಅಂಗಡಿಯಲ್ಲಿ ಅದು ಪೊಟ್ಟಣ ಕಟ್ಟಿ ಮಾರಾಟಕ್ಕಿದೆ, ಬಾಯಗಲ ಕಿರುಬೆರಳಿನ ತುದಿ ಹಿಡಿಸುವಷ್ಟು. ಅನಂತವನ್ನು ಇಷ್ಟು ಕಡಿಮೆ ದುಡ್ಡಿಗೆ ಕೊಡುವ ದರ್ಶನ ಮತ್ತೊಂದಿಲ್ಲ. ಗೆಂಡೆಗೆ ಅನಂತ ಬೇಡ, 4ರಿಂದ 8ರ ನಡುವಿನ, ತಂತಿ ದಪ್ಪವಿರುವ, ಕಡ್ಡಿ ಗಿಡ್ಡನೆಯ ಗಾಳ ಸಾಕು. ಹರಿತದ ಪರೀಕ್ಷೆ ಹೆಬ್ಬೆರಳ ಉಗುರಿನ ಮೇಲೆ: ಮೆಲ್ಲನೆ ಎಳೆದಾಗ ಮೊನೆ ಕಚ್ಚಿ ನಿಂತರೆ ಹರಿತ, ಜಾರಿದರೆ ಬುಟ್ಟಿಗೆ. ಬಿಡುವ ಮೀನಾದರೆ ಗಾಳದ ಮುಳ್ಳನ್ನು ಇಕ್ಕಳದಿಂದ ಅದುಮಿಬಿಡಬೇಕು, ಕೈ ಒದ್ದೆ ಮಾಡಿಕೊಂಡೇ ಮೀನು ಮುಟ್ಟಬೇಕು.

ಈಗ ಗ್ರಂಥದ ಗರ್ಭಗುಡಿ: ಎರೆಗೂ ಗಾಳಕ್ಕೂ ಇರುವ ಸಂಬಂಧವೇನು? ಆಚಾರ್ಯತ್ರಯರ ಕ್ಷಮೆ ಕೋರಿ ಹೇಳುವುದಾದರೆ ಇಲ್ಲಿಯೂ ದರ್ಶನಗಳು ಮೂರೇ.

ಅದ್ವೈತಿಗಳು ಮೈದಾ, ರಾಗಿ ಅಥವಾ ಕಡಲೆಹಿಟ್ಟಿನ ಮುದ್ದೆಯನ್ನು ಗಾಳಕ್ಕೆ ಮೆತ್ತಿ ಅದನ್ನು ಪೂರ್ತಿ ಮರೆಮಾಡುತ್ತಾರೆ. ತೋರುವುದು ಎರೆಯೊಂದೇ, ಗಾಳ ಎರಡನೆಯದಾಗಿ ಇಲ್ಲ. ಮೀನಿನ ಅವಿದ್ಯೆ ಅದನ್ನು ಹತ್ತಿರ ತರುತ್ತದೆ. ತೊಡಕು ಬರುವುದು ಮುದ್ದೆ ಗಟ್ಟಿಯಾದಾಗ. ಮೊನೆ ಹಿಟ್ಟಿನೊಳಗೇ ಹುದುಗಿರುತ್ತದೆ, ಮೀನು ಇಡಿಯಾಗಿ ಹೀರಿ ಇಡಿಯಾಗಿ ಉಗಿಯುತ್ತದೆ. ಜ್ಞಾನೋದಯವಾಗುವುದು ಮೀನಿಗೆ.

ವಿಶಿಷ್ಟಾದ್ವೈತಿಗಳು ಎರೆಹುಳುವಿನವರು. ಹುಳು ಶರೀರ, ಗಾಳ ಅದರೊಳಗಿನ ಅಂತರ್ಯಾಮಿ, ಮೊನೆಯಷ್ಟು ಹೊರಗೆ ಇಣುಕುತ್ತದೆ. ಸಮನ್ವಯದ ಈ ಮಾರ್ಗ ಎಲ್ಲರಿಗೂ ಹಿಡಿಸುತ್ತದೆ. ಏಡಿ, ಕೀಚಲು ಮರಿ, ಹಾವುಮೀನು ಎಲ್ಲವೂ ಶರಣಾಗತಿಗೆ ಬರುವುದರಿಂದ ಗೆಂಡೆಗೆ ಸರದಿ ಸಿಗುವುದು ತಡ.

ದ್ವೈತದ ಮಾತೇ ಬೇರೆ. 1980ರ ಆಸುಪಾಸಿನಲ್ಲಿ ಇಂಗ್ಲೆಂಡಿನ ಲೆನ್ನಿ ಮಿಡ್ಲ್‌ಟನ್ ಮತ್ತು ಕೆವಿನ್ ಮ್ಯಾಡಕ್ಸ್ ರೂಪಿಸಿದ ಹೇರ್ ರಿಗ್, ಉಡುಪಿಯ ಸಂಪರ್ಕವೇ ಇಲ್ಲದೆ ಭೇದವನ್ನು ಸಾಧಿಸಿತು. ಗಾಳ ಬೇರೆ, ಎರೆ ಬೇರೆ, ಈ ಭೇದ ಸತ್ಯ. ಬೇಯಿಸಿದ ಮುಸುಕಿನ ಜೋಳದ ಕಾಳೋ ನೆನೆಸಿ ಬೇಯಿಸಿದ ಕಡಲೆಯೋ ಗಾಳದ ಕೆಳಗೆ, ಕೂದಲೆಳೆಯ ದಾರದಲ್ಲಿ ನೇತಾಡುತ್ತದೆ. ಮೊದಮೊದಲ ಪ್ರಯೋಗಕ್ಕೆ ನಿಜವಾದ ಕೂದಲನ್ನೇ ಬಳಸಿದ್ದರಂತೆ. ಎರೆ ಸ್ವತಂತ್ರ, ಗಾಳ ಪರತಂತ್ರ. ಮೀನು ಕಾಳನ್ನು ಹೀರಿದರೆ ಬೆತ್ತಲೆ ಗಾಳ ಹಿಂದೆಯೇ ಹೋಗುತ್ತದೆ. ಸಂಶಯ ಬಂದು ಉಗಿದಾಗ ಕಾಳು ಹೊರಬಿದ್ದರೂ ಗಾಳ ತಿರುಗಿ ಕೆಳತುಟಿಗೆ ಚುಚ್ಚುತ್ತದೆ. ಚುಚ್ಚಿದ್ದಕ್ಕೆ ಬೆದರಿ ಓಡಿದರೆ ಗೇಣಿನಾಚೆ ಕಾದಿರುವ ಎರಡು ಮೂರು ಔನ್ಸಿನ ಸೀಸದ ಭಾರ ಮೊನೆಯನ್ನು ಇನ್ನಷ್ಟು ಒಳಕ್ಕೆ ಇಳಿಸುತ್ತದೆ. ಮನುಷ್ಯನ ಪ್ರಯತ್ನ ಇಲ್ಲಿ ನಿಮಿತ್ತ ಮಾತ್ರ. ಅವನು ಆಗ ಬುತ್ತಿ ಬಿಚ್ಚುತ್ತಿರುತ್ತಾನೆ. ದಾರ ಹರಿದರೆ ಮೀನು ಸೀಸವನ್ನು ಎಳೆದುಕೊಂಡು ತಿರುಗದಂತೆ, ಅದು ಕಳಚಿ ಬೀಳುವ ಹಾಗೆ ಕಟ್ಟುವುದು ಈ ಮತದ ನಿತ್ಯಕರ್ಮ. ಲೋಪ ಮಾಡಿದವರಿಗೆ ಪ್ರಾಯಶ್ಚಿತ್ತವಿಲ್ಲ.

ಪ್ರಸ್ತುತ ಗ್ರಂಥಕಾರನ ಒಲವು ದ್ವೈತಕ್ಕೆ. ಮತಾಂತರವೆಂದು ಯಾರೂ ಗಲಾಟೆ ಎಬ್ಬಿಸಬಾರದು. ಆದರೆ ಎರೆಯ ವಿಷಯದಲ್ಲಿ ವಿದೇಶಿ ಉಂಡೆಗಳ ಪರಿಮಳಕ್ಕೆ ಮರುಳಾಗಬೇಕಿಲ್ಲ. ಸಾಕಣೆಯ ಕೊಳಗಳಲ್ಲಿ ಗೆಂಡೆಗೆ ಹಾಕುವ ಮಾಮೂಲು ಮೇವು ಅಕ್ಕಿ ತೌಡು ಮತ್ತು ಕಡಲೆಕಾಯಿ ಹಿಂಡಿ. ಆ ವಾಸನೆಗೆ ಮೀಸೆ ಅಲ್ಲಾಡಿಸದ ಗೆಂಡೆ ಅಪರೂಪ. ಸೀಸದ ಸುತ್ತ ತೌಡು-ಹಿಂಡಿಯ ಉಂಡೆ, ಪಕ್ಕದಲ್ಲಿ ಕೂದಲಿಗೆ ಜೋಳದ ಕಾಳು: ಸೋಮೇಶ್ವರ ಇದನ್ನು ನೋಡಿದ್ದರೆ ತಲೆದೂಗುತ್ತಿದ್ದ, ಮೊದಲು ಉಣಿಸು ಎಂಬುದು ಅವನದೇ ನೀತಿ. ಗೆಂಡೆಯ ಕುಲದ್ದೇ ಆದ ಕಾವೇರಿಯ ಬಿಳಿಮೀನು, ಎಂದರೆ ಮಹಸೀರ್, ರಾಗಿ ಮುದ್ದೆಗೆ ಸೋತದ್ದು ಲೋಕಪ್ರಸಿದ್ಧ. 1946ರಲ್ಲಿ ಮೈಸೂರಿನ ಡಿ ವೆಟ್ ವ್ಯಾನ್ ಇಂಗೆನ್ ಕಬಿನಿಯಲ್ಲಿ ಹಿಡಿದದ್ದು 120 ಪೌಂಡು ತೂಗಿತ್ತು. ಈಗ ಅದರ ಡುಬ್ಬದ ಪ್ರಭೇದ ಅಳಿವಿನಂಚಿಗೆ ಬಂದಿರುವುದರಿಂದ ಆ ದಿಕ್ಕಿಗೆ ನಮ್ಮ ಗಾಳ ಚಾಚುವುದಿಲ್ಲ.

ಒಂದು ಅಪವಾದ ಉಳಿಯಿತು, ಅದು ಸಣ್ಣದಲ್ಲ. ಕಾಟ್ಲಾ ಈ ಸಿದ್ಧಾಂತವನ್ನು ಓದಿಲ್ಲ. ಅದರ ಬಾಯಿ ಮೇಲ್ಮುಖ, ಮೀಸೆ ಇಲ್ಲ, ಮೇಯುವುದು ಮೇಲ್ನೀರಿನಲ್ಲಿ. ತಳದಲ್ಲಿ ನಾವು ಇಷ್ಟು ಪಾಂಡಿತ್ಯದಿಂದ ಹಾಸಿದ ಗೇಣು ಅದರ ದೃಷ್ಟಿಗೇ ಬೀಳುವುದಿಲ್ಲ. ಅದಕ್ಕೆ ಬೆಂಡು ಬೇಕು, ಆಳ ಅಳೆಯಬೇಕು, ನೀರಿನಲ್ಲಿ ಕರಗುತ್ತ ಮೋಡವಾಗುವ ಹಿಟ್ಟಿನ ಸುತ್ತ ನಾಲ್ಕೈದು ಬರಿಗಾಳಗಳನ್ನು ಇಳಿಬಿಡುವ ಬಹುದೇವತಾರಾಧನೆ ಬೇಕು. ಈ ಪಂಥವನ್ನು ವಿಚಾರಿಸಲು ಎರಡನೆಯ ಸಂಪುಟದ ರೂಪುರೇಷೆ ಸಲ್ಲಿಸಲಾಗಿದೆ. ಮಾರ್ಗದರ್ಶಕರ ಸಹಿ ಇನ್ನೂ ಬಿದ್ದಿಲ್ಲ; ಅವರು ಸಿಗಡಿಯ ಪಕ್ಷದವರು.