ಹೊಟ್ಟೆ ನಮ್ಮದು, ಹೊಣೆ ಟ್ರೈನರ್‌ದು

ದಾವಣಗೆರೆಯಲ್ಲಿ ಪರ್ಸನಲ್ ಟ್ರೈನರ್ ಇಟ್ಟುಕೊಳ್ಳುವುದರ ಮೊದಲ ಲಾಭವೆಂದರೆ ಬೆಣ್ಣೆ ದೋಸೆಯನ್ನು ಧೈರ್ಯವಾಗಿ ತಿನ್ನಬಹುದು. ಟ್ರೈನರ್ ಇಲ್ಲದವನು ತಿಂದರೆ ಅದು ಬಾಯಿಚಪಲ. ಇದ್ದವನು ತಿಂದರೆ ಅದು 'ಚೀಟ್ ಮೀಲ್'. ಬೆಣ್ಣೆ ಅದೇ, ಆಲೂಗಡ್ಡೆ ಪಲ್ಯ ಅದೇ, ಹೆಸರು ಮಾತ್ರ ಶಾಸ್ತ್ರೋಕ್ತ.

1928ರ ಸುಮಾರಿಗೆ ಬೆಳಗಾವಿ ಕಡೆಯಿಂದ ಬಂದ ಚೆನ್ನಮ್ಮ ಎಂಬಾಕೆ ನಾಟಕದ ಥಿಯೇಟರಿನ ಮುಂದೆ ರಾಗಿ ದೋಸೆ ಹಾಕಿ ಮಾರುತ್ತಿದ್ದರು, ಬರಬರುತ್ತಾ ರಾಗಿ ಹೋಗಿ ಅಕ್ಕಿ ಬಂತು, ಅಕ್ಕಿಯ ಮೇಲೆ ಬೆಣ್ಣೆ ಕೂತಿತು ಎಂದು ಊರಲ್ಲಿ ಹೇಳುತ್ತಾರೆ. ಈಗ ಟ್ರೈನರ್ ಕೊಡುವ ಡಯಟ್ ಚಾರ್ಟಿನ ಮೊದಲ ಸಾಲು: ರಾಗಿ ದೋಸೆ, ಎಣ್ಣೆ ಮುಟ್ಟಿಸಬೇಡಿ. ರಾಗಿಯಿಂದ ಬೆಣ್ಣೆಗೆ ಊರು ಪುಕ್ಕಟೆ ಬಂತು. ವಾಪಸು ಹೋಗಲು ತಿಂಗಳಿಗೆ ಆರು ಸಾವಿರ ಕೇಳುತ್ತಿದ್ದಾರೆ.

ಎರಡನೇ ಲಾಭ ಇನ್ನೂ ದೊಡ್ಡದು. ಬೈಯಲು ಒಬ್ಬ ಸಿಗುತ್ತಾನೆ. ಹೊಟ್ಟೆ ಕರಗಲಿಲ್ಲವೆಂದರೆ ಅದು ನಮ್ಮ ತಪ್ಪಲ್ಲ, 'ಆ ಹುಡುಗ ಸರಿಯಾಗಿ ಮಾಡಿಸಲ್ಲ ಕಣ್ರಿ' ಎಂದು ಅಂಗಡಿ ಗಲ್ಲಾದ ಮೇಲೆ ಕೂತೇ ಹೇಳಿಬಿಡಬಹುದು. ಎಂಸಿಸಿ 'ಬಿ' ಬ್ಲಾಕಿನ ಯಾವ ಜಿಮ್ಮಿಗಾದರೂ ಬೆಳಿಗ್ಗೆ ಆರೂವರೆಗೆ ಹೋಗಿ ನೋಡಿ. ಮಂಡಿ ಸಾಹುಕಾರರು ಬೆಂಚಿನ ಮೇಲೆ ಅಂಗಾತ ಮಲಗಿ ಡಂಬೆಲ್ಸ್ ಎತ್ತುತ್ತಿರುತ್ತಾರೆ. ತಲೆಯ ಹತ್ತಿರ ನಿಂತ ಟ್ರೈನರ್ ಒಂದು ಕೈಯಲ್ಲಿ ಫೋನು ಹಿಡಿದು ರೀಲ್ಸ್ ತಳ್ಳುತ್ತಾ ಬಾಯಲ್ಲಿ ಲೆಕ್ಕ ಹಾಕುತ್ತಾನೆ: 'ಏಳು... ಎಂಟು... ಸೂಪರ್ ಸಾರ್... ಹನ್ನೊಂದು... ಲಾಸ್ಟ್ ಒನ್.' ಮೆಕ್ಕೆಜೋಳದ ತೂಕದಲ್ಲಿ ಕಾಲು ಕೆಜಿ ಆಚೀಚೆಯಾದರೆ ಎಪಿಎಂಸಿ ಯಾರ್ಡು ಅಲ್ಲಾಡಿಸುವ ಸಾಹುಕಾರರು ಒಂಬತ್ತು ಹತ್ತು ಎಲ್ಲಿ ಹೋದವೆಂದು ಕೇಳುವುದಿಲ್ಲ. ಇಂಥ ಒಮ್ಮತ ನಮ್ಮ ಪಾಲಿಕೆ ಸಭೆಯಲ್ಲೂ ಕಂಡಿಲ್ಲ.

ಅದೇ ಯಾರ್ಡಿನಲ್ಲಿ ಹಮಾಲರು ಚೀಲ ಎತ್ತುವುದನ್ನು ನೋಡಿ. ಮೊಣಕಾಲು ಬಗ್ಗಿಸಿ, ಬೆನ್ನು ನೆಟ್ಟಗಿಟ್ಟು, ಉಸಿರು ಹಿಡಿದು ಒಂದೇ ಏಟಿಗೆ ಹೆಗಲಿಗೆ. ತಪ್ಪಾಗಿ ಎತ್ತಿದರೆ ನಾಳೆಯ ಕೂಲಿ ಇಲ್ಲ, ಅದಕ್ಕೇ ಅಷ್ಟು ಸರಿಯಾಗಿ ಎತ್ತುತ್ತಾರೆ. ಒಳ್ಳೆಯ ಟ್ರೈನರ್ ಕಲಿಸುವುದೂ ಮೊದಲು ಇದನ್ನೇ: ಹೇಗೆ ಬಗ್ಗಬೇಕು, ಹೇಗೆ ಏಳಬೇಕು, ಎಲ್ಲಿ ನಿಲ್ಲಿಸಬೇಕು. ದುಡ್ಡು ಕೊಡಬೇಕಾದದ್ದೂ ಇದಕ್ಕೇ. ಆದರೆ ಖಾಲಿ ಕೋಲು ಕೊಟ್ಟು ಹದಿನೈದು ದಿನ ಬಗ್ಗಿಸಿ ಏಳಿಸುವವನನ್ನು ನಾವು 'ಏನೂ ಬರಲ್ಲ ಇವನಿಗೆ' ಎಂದು ಬಿಟ್ಟು ಬರುತ್ತೇವೆ. ಮೊದಲ ದಿನವೇ ನಲವತ್ತು ಕೆಜಿ ಹೊರಿಸಿ, ಮಾರನೇ ದಿನ ಬಚ್ಚಲಿನಲ್ಲಿ ಕೂತವರು ಏಳಲಾಗದಂತೆ ಮಾಡುವವನೇ ಖಡಕ್ ಟ್ರೈನರ್.

ಇನ್ನು ಆಯ್ಕೆಯ ವಿಷಯ. ಜಾತ್ರೆಯಲ್ಲಿ ಎತ್ತು ಕೊಳ್ಳುವಾಗ ಹಲ್ಲು ಎಣಿಸುತ್ತೇವೆ, ಸುಳಿ ನೋಡುತ್ತೇವೆ, ನಾಲ್ಕು ಹೆಜ್ಜೆ ನಡೆಸುತ್ತೇವೆ. ನಮ್ಮ ಬೆನ್ನುಮೂಳೆ ಒಪ್ಪಿಸುವವನನ್ನು ಆರಿಸುವಾಗ ನೋಡುವುದು ಅವನ ರಟ್ಟೆ ಮತ್ತು ಫ್ಲೆಕ್ಸು. ಹರಿಹರದ ಬಸ್ ಸ್ಟ್ಯಾಂಡ್ ಹತ್ತಿರ ಅಂಥದ್ದೊಂದು ಕಟ್ಟಿದ್ದರು. ಒಂದೇ ಆಳು, ಎಡಗಡೆ ಅರ್ಧ ಡೊಳ್ಳುಹೊಟ್ಟೆ, ಬಲಗಡೆ ಅರ್ಧ ಸಿಕ್ಸ್ ಪ್ಯಾಕ್. ಕೆಳಗೆ 'ಕೇವಲ 90 ದಿನಗಳಲ್ಲಿ'. ಅಲ್ಲಿಂದ ನದಿಯ ಕಡೆ ನಡೆದರೆ ಹೊಯ್ಸಳ ಎರಡನೇ ನರಸಿಂಹನ ದಂಡನಾಯಕ ಪೋಲಾಳ್ವ 1224ರ ಸುಮಾರಿಗೆ ಕಟ್ಟಿಸಿದ ಹರಿಹರೇಶ್ವರ ಗುಡಿ. ಅಲ್ಲಿಯೂ ಅರ್ಧ ಒಬ್ಬ, ಅರ್ಧ ಇನ್ನೊಬ್ಬ. ಗುಡಿಯಲ್ಲಿ ಎರಡೂ ಅರ್ಧ ಸೇರಿ ಒಬ್ಬನೇ ಎಂಬ ನಂಬಿಕೆಯಾದರೂ ಇದೆ. ಫ್ಲೆಕ್ಸಿನಲ್ಲಿ ಹೊಕ್ಕುಳನ್ನೇ ಸ್ವಲ್ಪ ಹೊತ್ತು ನೋಡಿದರೆ ಆ ನಂಬಿಕೆಯೂ ಉಳಿಯುವುದಿಲ್ಲ.

ಸ್ಕೂಟರ್ ಓಡಿಸಲು ಎಲ್ಎಲ್ ಬೇಕು, ಡಿಎಲ್ ಬೇಕು, ಆರ್‌ಟಿಒ ಮುಂದೆ ಎಂಟರ ಆಕಾರದಲ್ಲಿ ಸುತ್ತಬೇಕು. ಅರವತ್ತು ವರ್ಷದ ಮನುಷ್ಯನ ಹೆಗಲ ಮೇಲೆ ಕಬ್ಬಿಣ ಹೇರಲು ಈ ದೇಶದಲ್ಲಿ ಯಾವ ಲೈಸೆನ್ಸೂ ಬೇಡ. ಸರ್ಟಿಫಿಕೇಟ್ ಇಲ್ಲವೆಂದಲ್ಲ. ಕೇಂದ್ರದ ಕೌಶಲ್ಯಾಭಿವೃದ್ಧಿ ವ್ಯವಸ್ಥೆಯಲ್ಲಿ ಫಿಟ್‌ನೆಸ್ ಟ್ರೈನರ್ ಕೋರ್ಸೇ ಇದೆ, ಅಮೆರಿಕದ ಎಸಿಇ, ಎಸಿಎಸ್‌ಎಂ ಥರದ ಸಂಸ್ಥೆಗಳ ಪರೀಕ್ಷೆಯನ್ನು ಇಲ್ಲಿಯವರೂ ಬರೆಯುತ್ತಾರೆ. ಆದರೆ ಕೇಳಬೇಕಲ್ಲ! ಗೋಡೆಯ ಮೇಲೆ ಕಟ್ಟು ಹಾಕಿಸಿದ್ದು ದೇಹದಾರ್ಢ್ಯ ಸ್ಪರ್ಧೆಯ ದ್ವಿತೀಯ ಬಹುಮಾನ. ಅವನ ಮೈ ಅವನು ಕಟ್ಟಿಕೊಂಡಿದ್ದಾನೆ, ಸಂತೋಷ. ನಿಮ್ಮ ಸವೆದ ಮಂಡಿಯ ಬಗ್ಗೆ ಅದರಲ್ಲಿ ಏನೂ ಬರೆದಿಲ್ಲ.

2021ರ ಅಕ್ಟೋಬರ್ 29ರಂದು ಅಪ್ಪು ಹೋದ ಸುದ್ದಿ ಬಂದ ಮೇಲೆ ರಾಜ್ಯಕ್ಕೆ ರಾಜ್ಯವೇ ಎದೆ ಮುಟ್ಟಿ ನೋಡಿಕೊಂಡಿತು. ಇಸಿಜಿ ಮಾಡಿಸಲು ಆಸ್ಪತ್ರೆಗಳ ಮುಂದೆ ಜನ ಸಾಲು ನಿಂತರು. ಆ ಭಯ ಎಷ್ಟು ದಿನ ಬಾಳಿತೋ, ಜಿಮ್ಮಿನ ಅರ್ಜಿಯವರೆಗಂತೂ ಬರಲಿಲ್ಲ. 'ಬಿಪಿ, ಶುಗರ್, ಆಪರೇಷನ್ ಆಗಿದೆಯೇ' ಎಂಬ ಕಾಲಂ ಇರುತ್ತದೆ. ನಾವು ಬಾಯಿ ತೆರೆಯುವ ಮೊದಲೇ ಕೌಂಟರಿನ ಹುಡುಗಿ ಮೂರಕ್ಕೂ 'ನಿಲ್' ಎಂದು ಬರೆದಿರುತ್ತಾಳೆ. 1965ರಿಂದ ಮೆಡಿಕಲ್ ಕಾಲೇಜು ಇರುವ ಊರು ಇದು, ಕಲ್ಲು ಎಸೆದರೆ ಎಂಡಿ ಡಾಕ್ಟರ ಬೋರ್ಡಿಗೆ ಬೀಳುತ್ತದೆ. 'ಮೊದಲು ಡಾಕ್ಟರ ಹತ್ರ ತೋರಿಸ್ಕೊಂಡು ಬರ್ರಿ, ಆಮೇಲೆ ಶುರು ಮಾಡೋಣ' ಎನ್ನುವ ಟ್ರೈನರ್ ಸಿಕ್ಕರೆ ರಟ್ಟೆ ಎಷ್ಟೇ ಸಣ್ಣದಿರಲಿ, ಬಿಡಬೇಡಿ.

ಡಬ್ಬಿ ಮಾರುವವನನ್ನು ಮಾತ್ರ ಬಿಡಿ. ಭಾರತೀಯನಿಗೆ ದಿನಕ್ಕೆ ಮೈತೂಕದ ಒಂದು ಕೆಜಿಗೆ 0.83 ಗ್ರಾಂ ಪ್ರೋಟೀನ್ ಸಾಕೆಂಬುದು ಐಸಿಎಂಆರ್ ಲೆಕ್ಕ. ಎಪ್ಪತ್ತು ಕೆಜಿಯವನಿಗೆ ಐವತ್ತೆಂಟು ಗ್ರಾಂ. ಮೈ ಬೆಳೆಸಲೆಂದು ಪ್ರೋಟೀನ್ ಪುಡಿಯ ಹಿಂದೆ ಬೀಳಬೇಡಿ ಎಂದು ಅದೇ ಸಂಸ್ಥೆ 2024ರ ಆಹಾರ ಮಾರ್ಗಸೂಚಿಯಲ್ಲಿ ಹೇಳಿತು. ಬೇಳೆ, ಮೊಟ್ಟೆ, ಹಾಲು, ಶೇಂಗಾದಲ್ಲಿ ಟ್ರೈನರಿಗೆ ಕಮಿಷನ್ ಇಲ್ಲ. ಆದ್ದರಿಂದ ಅವುಗಳಲ್ಲಿ ಪ್ರೋಟೀನೂ ಇಲ್ಲ.

ಗರಡಿಮನೆಯ ಕಾಲ ಚೆನ್ನಾಗಿತ್ತು ಎನ್ನುವ ಹಿರಿಯರಿಗೆ ನಮ್ಮಲ್ಲಿ ಕೊರತೆಯಿಲ್ಲ. ದುಗ್ಗಮ್ಮನ ಜಾತ್ರೆಯ ಕುಸ್ತಿ ನೋಡಿದವರೆಲ್ಲ ತಾವೇ ಪೈಲ್ವಾನರಾಗಿದ್ದಂತೆ ಮಾತಾಡುತ್ತಾರೆ. ವಸ್ತಾದರು ಫೀಸು ಕೇಳುತ್ತಿರಲಿಲ್ಲ, ನಿಜ. ಬೆನ್ನಿಗೆ ಬಾರಿಸುತ್ತಿದ್ದರು, ಅದೂ ನಿಜ. ಹೆಂಗಸರಿಗೆ ಆ ಕೆಮ್ಮಣ್ಣಿನ ಹೊಸ್ತಿಲೂ ದಾಟುವಂತಿರಲಿಲ್ಲ. ನೆನೆಯುವುದಾದರೆ ನಾನು ಬೆಂಗಳೂರಿನ ಕೆ.ವಿ. ಅಯ್ಯರ್ ಅವರನ್ನು ನೆನೆಯುತ್ತೇನೆ. ಹರ್ಕ್ಯುಲಿಸ್ ಜಿಮ್ನೇಸಿಯಂ ನಡೆಸಿದರು, ಅಂಚೆಯಲ್ಲೇ ವ್ಯಾಯಾಮದ ಪಾಠ ಕಳಿಸಿದರು, ಅಂದರೆ ಆನ್‌ಲೈನ್ ಕೋಚಿಂಗಿಗೆ ನೆಟ್ಟೇ ಬೇಕಿರಲಿಲ್ಲ. ಅದರ ಜೊತೆಗೆ 'ಶಾಂತಲಾ', 'ರೂಪದರ್ಶಿ' ಎಂಬ ಕಾದಂಬರಿಗಳನ್ನೂ ಬರೆದರು. ಈಗಿನವರು ಕಾದಂಬರಿ ಬರೆಯಲಿ ಎಂದು ಯಾರೂ ಕೇಳುತ್ತಿಲ್ಲ. ಒಂಬತ್ತು, ಹತ್ತು ಬಿಡದೆ ಎಣಿಸಿದರೆ ಸಾಕು.

ಟ್ರೈನರನ್ನೇ ಬೈದು ಮುಗಿಸಿದರೂ ನ್ಯಾಯವಲ್ಲ. ನನಗೆ ಗೊತ್ತಿರುವ ಒಬ್ಬ ಹುಡುಗನ ಅಪ್ಪ ಹರಿಹರದ ಮೈಸೂರು ಕಿರ್ಲೋಸ್ಕರ್‌ನಲ್ಲಿ ಲೇತ್ ಜೋಡಿಸುತ್ತಿದ್ದವರು. ಫ್ಯಾಕ್ಟರಿ ಮುಚ್ಚಿತು. ಮಗ ಬೆಳಿಗ್ಗೆ ಐದಕ್ಕೆ ದಾವಣಗೆರೆಗೆ ಬಂದು ಹತ್ತರವರೆಗೆ, ಮತ್ತೆ ಸಂಜೆ ಐದರಿಂದ ರಾತ್ರಿ ಹತ್ತರವರೆಗೆ ಪರರ ಹೊಟ್ಟೆ ಇಳಿಸುತ್ತಾನೆ. ಕೊಟ್ಟ ಫೀಸಿನಲ್ಲಿ ಅರ್ಧ ಜಿಮ್ ಮಾಲೀಕರಿಗೆ. ಮಧ್ಯಾಹ್ನ ನಿದ್ದೆಯಿಲ್ಲ, ರಾತ್ರಿ ಗಾಡಿಯ ಮುಂದೆ ನಿಂತು ಮಂಡಕ್ಕಿ ಮಿರ್ಚಿ. ಅವನಿಗೂ ಒಬ್ಬ ಟ್ರೈನರ್ ಬೇಕು, ಕೊಡಲು ಆರು ಸಾವಿರ ಇಲ್ಲ.

ಮೊನ್ನೆ ಅವನ ಮುಂದೆ ಒಬ್ಬ ಸಾಹುಕಾರರು ಚೌಕಾಸಿಗೆ ಕೂತಿದ್ದರು.

'ಮೂರು ತಿಂಗಳಿಗೆ ಹದಿನೆಂಟು ಜಾಸ್ತಿ ಆಯ್ತಪ್ಪ. ಹನ್ನೆರಡು ಮಾಡ್ಕೋ.'

'ಸಾಹುಕಾರ್ರೆ, ಹೋದ ಸಲ ಕಟ್ಟಿದ್ರಿ, ಬಂದಿದ್ದು ನಾಲ್ಕೇ ದಿನ ಅಲ್ರಿ?'

'ಅದನ್ನೇ ಹೇಳೋದು. ಬರೋರಿಗೆ ಹದಿನೆಂಟು ತಗೋ, ನಾನೇನೂ ಬೇಡ ಅನ್ನಲ್ಲ. ಬರದೆ ಇರೋರಿಗೆ ಎಷ್ಟು ಬಿಡ್ತೀಯ, ಅದು ಹೇಳು.'